ಕಂದಕಕ್ಕೆ ನೀರಿಲ್ಲ

2020 ಏಪ್ರಿಲ್ 19, ಭಾನುವಾರ

ಬೈಯಬೇಕಾದವರು ದಿನೇ ದಿನೇ ಹೆಚ್ಚುತ್ತಿದ್ದಾರೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಅದಕ್ಕೇ ಈ ದಿನಚರಿ. ಏಳು ವರ್ಷದ ನಿಧಿಯ ಎದುರು ಬಾಯಿಬಿಟ್ಟು ಬೈಯುವಂತಿಲ್ಲ. ಫೋನಿನಲ್ಲಿ ಬೈದರೆ ಶುಭಾ ಅಲ್ಲಿ ಮೈಸೂರಿನಲ್ಲಿ ಕೂತು ಅಳುತ್ತಾಳೆ. ತಂಗಿಯ ಸೀಮಂತಕ್ಕೆಂದು ಮಾರ್ಚಿನಲ್ಲಿ ಹೋದವಳು, ವಿಮಾನಗಳೆಲ್ಲ ನಿಂತು ಅಲ್ಲೇ ಉಳಿದಿದ್ದಾಳೆ. ಅವಳು ಮತ್ತೆ ಈ ಮನೆಯೊಳಗೆ ಕಾಲಿಡುವವರೆಗೆ ನನಗೆ ಬೇರೆ ಯಾವ ಯೋಚನೆಯೂ ಇಲ್ಲ.

ಇವತ್ತು ಬೈಸಿಕೊಳ್ಳಬೇಕಾದವರು ಪಕ್ಕದ ಮನೆಯ ಯಾಗುಚಿ ಸಾನ್. ಬೈಯುವಾಗಲೂ ಹೆಸರಿಗೆ 'ಸಾನ್' ಎಂದು ಮರ್ಯಾದೆ ಸೇರಿಸಬೇಕು, ಇಲ್ಲಿಯ ಪದ್ಧತಿ. ನಮ್ಮ ಬಾಡಿಗೆ ಮನೆ ಜಪಾನಿನ ಕಾಶಿವಾ ಊರಿನ ಹೊರವಲಯದಲ್ಲಿ, ಹಿಂದೆ ಯಾವನೋ ಪಾಳೇಗಾರನ ವಾಡೆ ಇದ್ದ ಜಾಗದಲ್ಲಿದೆ. ವಾಡೆ ಹಾಳಾಗಿ ಐದಾರು ನೂರು ವರ್ಷವಾಯಿತಂತೆ. ಈಗ ಉಳಿದಿರುವುದು ಒಂದು ಮಣ್ಣಿನ ದಿಬ್ಬ ಮತ್ತು ಅದರ ಆಚೆಗೊಂದು ಕಂದಕ. ವಾಡೆಯ ಸುತ್ತ ಚೌಕವಾಗಿದ್ದ ದಿಬ್ಬದ ಎರಡು ಬದಿ ಮನೆಗಳ ಕೆಳಗೆ ಸೇರಿಹೋಗಿವೆ, ಇನ್ನೆರಡು ಬದಿ ನಮ್ಮ ಹಿತ್ತಲ ಹಿಂದೆ ಮೂಲೆ ತಿರುಗಿಕೊಂಡು ನಿಂತಿವೆ. ಕಂದಕದಲ್ಲಿ ನೀರೂ ಇಲ್ಲ. ಕಟ್ಟಿದಾಗಲೂ ಇರಲಿಲ್ಲವಂತೆ. ಶ್ರೀರಂಗಪಟ್ಟಣದ ಕೋಟೆ ನೋಡಿ ಬೆಳೆದವನಿಗೆ ಇದನ್ನು ಕೋಟೆ ಎನ್ನಲು ನಾಲಗೆ ಹೊರಳುವುದಿಲ್ಲ. ನಮ್ಮ ಕಡೆ ಕಬ್ಬಿನ ಗದ್ದೆಯ ಬದುವೇ ಇದಕ್ಕಿಂತ ಗತ್ತಿನಲ್ಲಿರುತ್ತದೆ.

ಶಾಲೆ ಮುಚ್ಚಿದೆ, ಪಾರ್ಕಿನ ಜಾರುಬಂಡೆಗೆ ಟೇಪು ಸುತ್ತಿದ್ದಾರೆ. ಮಗು ಎಲ್ಲಿ ಆಡಬೇಕು? ದಿಬ್ಬ ಹತ್ತಿತು. ಯಾಗುಚಿ ಸಾನ್ ಕೈಯಲ್ಲಿ ಕುಡುಗೋಲು ಹಿಡಿದೇ ಓಡಿ ಬಂದು, "ಇಳಿ! ಮಣ್ಣು ಕುಸಿಯುತ್ತೆ!" ಎಂದು ಕಿರುಚಿದರು. ನಾನು "ಸುಮಿಮಾಸೆನ್", ಕ್ಷಮಿಸಿ, ಎಂದು ತಲೆ ತಗ್ಗಿಸಿದೆ. ತಗ್ಗಿಸಿದ್ದಕ್ಕೆ ಈಗಲೂ ಮೈ ಉರಿಯುತ್ತಿದೆ. ಒಂದು ಮಗು ಹತ್ತಿದರೆ ಕುಸಿಯುವ ಕೋಟೆ ಯಾವ ಶತ್ರುವನ್ನು ತಡೆದಿತ್ತೋ!

ಏಪ್ರಿಲ್ 30, ಗುರುವಾರ

ದಿಬ್ಬದ ಬುಡದಲ್ಲಿ ಹೊಸ ಬೋರ್ಡು. ಹತ್ತಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿದೆ, ಜಪಾನಿ ಭಾಷೆಯಲ್ಲಿ ಇಲ್ಲವೇ ಇಲ್ಲ. ಈ ಬೀದಿಯಲ್ಲಿ ಇಂಗ್ಲಿಷ್ ಓದುವ ಮನೆ ಯಾವುದು ಎಂದು ಕೇಳಬೇಕೇ? ನೇರವಾಗಿ ನಮ್ಮ ಹೆಸರೇ ಬರೆಯಬಹುದಿತ್ತು.

ಮೇ 27, ಬುಧವಾರ

ಭಾರತವೂ ಪಟ್ಟಿಗೆ ಸೇರಿತು. ಅಲ್ಲಿಂದ ಬರುವ ವಿದೇಶಿಯರಿಗೆ ಪ್ರವೇಶವಿಲ್ಲ, ಇಲ್ಲೇ ಮನೆ ಮಾಡಿಕೊಂಡವರಿಗೂ ಇಲ್ಲ. ಜಪಾನೀಯರು ಮಾತ್ರ ಬರಬಹುದು. ವೈರಸ್ಸು ಪಾಸ್‌ಪೋರ್ಟಿನ ಬಣ್ಣ ನೋಡಿ ಹತ್ತುತ್ತದೆಯೇ? ಒಂಬತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿದ್ದೇವೆ, ಕಸ ಬೇರ್ಪಡಿಸಿದ್ದೇವೆ, ರೈಲಿನಲ್ಲಿ ಉಸಿರೆತ್ತದೆ ನಿಂತಿದ್ದೇವೆ.

ನಿಧಿ ಕೇಳಿದಳು: "ಅಪ್ಪಾ, ಅಮ್ಮನ ಹತ್ರ ಕಾರ್ಡ್ ಇದ್ಯಲ್ಲ? ಅದನ್ನ ತೋರಿಸ್ಲಿ. Then they will let her."

"ಇಲ್ಲಿ ಇರೋಕೆ ಕೊಟ್ಟ ಆ ಕಾರ್ಡ್ ಈಗ ನಡ್ಯಲ್ಲ ಪುಟ್ಟಿ."

"ದೋಷ್ಟೆ?" ಎಂದಳು. ಯಾಕೆ ಎಂದು. ಅಮ್ಮ ಹೋದ ಮೇಲೆ ಅವಳ ಬಾಯಲ್ಲಿ ಕನ್ನಡ ಕಡಿಮೆಯಾಗುತ್ತಿದೆ, ಅದನ್ನು ಶುಭಾಳಿಗೆ ಹೇಳಿಲ್ಲ.

ಜೂನ್ 14, ಭಾನುವಾರ

ಬೀದಿಯವರೆಲ್ಲ ಸೇರಿ ದಿಬ್ಬದ ಹುಲ್ಲು ಕತ್ತರಿಸುವ ಪದ್ಧತಿ ಈ ವರ್ಷ ರದ್ದಂತೆ. ಸಂತೋಷ. ಆದರೆ ಯಾಗುಚಿ ಸಾನ್ ರದ್ದಾಗಿಲ್ಲ. ಬೆಳಗ್ಗೆಯಿಂದ ಒಬ್ಬರೇ ಮಷೀನು ಗುರ್ರೆನಿಸುತ್ತಿದ್ದಾರೆ. ಎಪ್ಪತ್ತೆಂಟರ ಮುದುಕ, ಹೆಂಡತಿಯಿಲ್ಲ, ಮಕ್ಕಳು ಎಲ್ಲೋ. ಮಾಡಲು ಬೇರೆ ಕೆಲಸವಿದ್ದಿದ್ದರೆ ನಮಗೆ ಈ ಕಾಟವಿರುತ್ತಿರಲಿಲ್ಲ.

ಮೇಲಿನಿಂದ ಕೆಳಕ್ಕೆ ಕತ್ತರಿಸುವುದಿಲ್ಲ, ಅಡ್ಡಡ್ಡ ಹೋಗುತ್ತಾರೆ. ಕಡಿದಾದ ಕಡೆ ಮಷೀನು ಇಟ್ಟು ಕುಡುಗೋಲು ತೆಗೆಯುತ್ತಾರೆ. ಬೇರು ಕೀಳುವುದಿಲ್ಲ, ಅದು ಮಣ್ಣು ಹಿಡಿದುಕೊಳ್ಳಲಿ ಎಂದಿರಬೇಕು. ಇಷ್ಟೆಲ್ಲ ನೋಡುತ್ತ ಕೂತಿದ್ದಕ್ಕೆ ನಿಧಿಯ ಅನ್ನ ತಳ ಹಿಡಿಯಿತು. ಅದಕ್ಕೂ ಅವರೇ ಕಾರಣ.

ಜುಲೈ 12, ಭಾನುವಾರ

ಮಳೆ, ಮಳೆ, ಮಳೆ. ದಿಬ್ಬದ ಒಂದು ಕಡೆ ಜಾರಿದೆ, ಸರಿಯಾಗಿ ನಮ್ಮ ಹಿತ್ತಲಿಗೆ ಎದುರಾಗಿ. ಮುದುಕರು ಮಳೆಯಲ್ಲೇ ನೀಲಿ ಟಾರ್ಪಾಲು ಹೊದಿಸಿದರು. ನಮ್ಮ ಮನೆಯ ಕಡೆ ಒಮ್ಮೆ ನೋಡಿದರು. ನೋಡಲಿ. ಮಳೆಯನ್ನೂ ನಾವೇ ಕರೆಸಿದ್ದು ಎನ್ನಲಿ.

ಶುಕ್ರವಾರವೇ ನಗರ ಕಚೇರಿಯಿಂದ ಹಳೆಯ ಸ್ಮಾರಕಗಳನ್ನು ನೋಡಿಕೊಳ್ಳುವ ಮೊರಿಟಾ ಸಾನ್ ಎಂಬ ಹುಡುಗಿ ಬಂದು ಫೋಟೋ ತೆಗೆದುಕೊಂಡಿದ್ದಳು. ಬೇಲಿಯಾಚೆ ನಿಂತಿದ್ದ ನಿಧಿಗೆ ಪಾಠವನ್ನೂ ಮಾಡಿದಳು. ಜಾರಿದ ಕಡೆ ಕೆಂಪು ಮಣ್ಣಿನ ನಡುವೆ ಬೂದಿ ಬಿಳುಪಿನ ಜೇಡಿಯ ಪಟ್ಟಿ ಕಾಣುತ್ತದೆಯಲ್ಲ, ಅದು ಕಂದಕದ ತಳದ ಮಣ್ಣಂತೆ. ಅಗೆದಂತೆಲ್ಲ ಮೇಲೆ ಹಾಕಿದ್ದಾರೆ, ಹಾಗಾಗಿ ತಳದ್ದು ಮೇಲಕ್ಕೆ ಬಂದಿದೆ. ಸೆಪ್ಟೆಂಬರ್ ಕೊನೆಗೆ ಬಂದು ಅಳತೆ ಮಾಡಿ ರಿಪೇರಿ ಹೇಗೆಂದು ನೋಡುತ್ತೇವೆ ಎಂದಳು. ನಿಧಿ ರಾತ್ರಿ ಅಮ್ಮನಿಗೆ ಇದನ್ನೇ ಮೂರು ಸಲ ಹೇಳಿದಳು.

ಆಗಸ್ಟ್ 6, ಗುರುವಾರ

ನಿಷೇಧಕ್ಕೆ ಮೊದಲು ಹೋದವರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಳ್ಳುತ್ತಾರಂತೆ. ರಾಯಭಾರ ಕಚೇರಿಯ ಒಪ್ಪಿಗೆ ಬೇಕು, ಸರದಿ ಬೇಕು, ಟೆಸ್ಟು ಬೇಕು, ವಿಮಾನ ಬೇಕು. ಬೇಕುಗಳ ಕೊನೆಗಾದರೂ ಶುಭಾ ಇದ್ದಾಳೆ. ಇವತ್ತು ಯಾರನ್ನೂ ಬೈಯುವುದಿಲ್ಲ.

ಆಗಸ್ಟ್ 20, ಗುರುವಾರ

ನಾಡಿದ್ದು ಗಣೇಶನ ಹಬ್ಬ. ಪ್ರತಿ ವರ್ಷ ಊರಿಂದ ಯಾರಾದರೂ ಪುಟ್ಟ ಮಣ್ಣಿನ ಮೂರ್ತಿ ತರುತ್ತಿದ್ದರು. ಈ ವರ್ಷ ಯಾರು ಬರಬೇಕು? ಅಂಗಡಿಯಲ್ಲಿ ಮೂರ್ತಿ ಮಾಡಲು ಸಿಗುವುದು ಕಾಗದದ ಹಿಟ್ಟು, ಪ್ಲಾಸ್ಟಿಕ್ಕಿನ ಹಿಟ್ಟು. ಶುಭಾ ಫೋನಿನಲ್ಲಿ, "ರೀ, ಅರಿಶಿನದಲ್ಲೇ ಒಂದು ಮಾಡಿ, ಸಾಕು. ನಿಮಗ್ಯಾಕೆ ರಗಳೆ" ಎಂದಳು. ಅವಳು 'ಸಾಕು' ಎಂದ ದನಿ ನನಗೆ ಹಿಡಿಸಲಿಲ್ಲ. ಆರು ತಿಂಗಳಿಂದ ಎಲ್ಲದಕ್ಕೂ ಸಾಕು ಎನ್ನುತ್ತಿದ್ದೇವೆ.

ಹಿತ್ತಲ ಬಾಗಿಲಿನಿಂದ ಹತ್ತು ಹೆಜ್ಜೆ ಆಚೆಗೆ ಬೆಣ್ಣೆಯಂಥ ಜೇಡಿಮಣ್ಣು ಬಿದ್ದಿದೆ. ಯಾಗುಚಿ ಸಾನ್ ಬೆಳಗ್ಗೆ ಆಸ್ಪತ್ರೆಗೆಂದು ಹೋದ ಮೇಲೆ ನಾನೂ ನಿಧಿಯೂ ಬಕೆಟ್ಟು ಹಿಡಿದು ಹೋದೆವು. ಕೆಳಗೆ ಬಿದ್ದದ್ದರಲ್ಲಿ ಹುಲ್ಲು, ಬೇರು. ಟಾರ್ಪಾಲು ಎತ್ತಿ, ಬಿಳಿ ಪಟ್ಟಿ ಇದ್ದಲ್ಲಿಗೇ ಸೌಟು ಹಾಕಿ ತೆಗೆದೆ. ಅನ್ನದ ಸೌಟು, ಮನೆಯಲ್ಲಿ ಬೇರೇನೂ ಇರಲಿಲ್ಲ. ಎಷ್ಟು ಸಲೀಸಾಗಿ ಬಂತು! ಬಕೆಟ್ಟು ತುಂಬುವವರೆಗೂ ನಿಲ್ಲಿಸಬೇಕೆನಿಸಲಿಲ್ಲ. ಬೋರ್ಡಿನಲ್ಲಿ ಹತ್ತಬಾರದು ಎಂದಿದೆ, ಅಗೆಯಬಾರದು ಎಂದಿಲ್ಲ. ನಾನು ಹತ್ತಲಿಲ್ಲ.

ಆಗಸ್ಟ್ 22, ಶನಿವಾರ

ಸೊಂಡಿಲು ಎರಡು ಸಲ ಬಿತ್ತು. ಮೂರನೆಯ ಸಲ ನಿಧಿ ಹಿಡಿದು ನಿಲ್ಲಿಸಿದಳು, ಎಡಕ್ಕೋ ಬಲಕ್ಕೋ ಎಂಬುದು ಕೊನೆಗೂ ತೀರ್ಮಾನವಾಗದೆ ನೇರಕ್ಕೇ ನಿಂತಿದೆ. ಹೊಟ್ಟೆ ಮಾತ್ರ ಭರ್ಜರಿ. ಬಣ್ಣ ಹಚ್ಚಲಿಲ್ಲ, ಒಂದು ಬೊಟ್ಟು ಕುಂಕುಮ ಅಷ್ಟೆ. ಶುಭಾ ವೀಡಿಯೋದಲ್ಲಿ ನೋಡಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ, ಅಲ್ಲ.

"ಅಮ್ಮಾ, ನೀನು ಬಂದು ನೋಡೋವರ್ಗೂ ಇವ್ನು ಇಲ್ಲೇ ಇರ್ತಾನೆ" ಎಂದಳು ನಿಧಿ. "ಅಲ್ವಾ ಅಪ್ಪಾ? Promise?"

ನನ್ನಂಥ ಮಂತ್ರ ಬರದವನ ಬಾಯಿಂದ 'ಪ್ರಾಮಿಸ್' ಎಂಬುದು ಬಂದುಬಿಟ್ಟಿತು. ಶುಭಾ ಅಲ್ಲಿಂದ, "ಅಯ್ಯೋ, ಅಷ್ಟು ದಿನ ಇಟ್ಕೋಬಾರ್ದು ಕಣ್ರೀ, ದಿನಾ ನೈವೇದ್ಯ ಆಗ್ಬೇಕು" ಎಂದಳು. ಆಗಲಿ. ಆಫೀಸಿನ ಮೀಟಿಂಗುಗಳಿಗೆ ದಿನಾ ನೈವೇದ್ಯ ಮಾಡುತ್ತಿಲ್ಲವೇ!

ಸೆಪ್ಟೆಂಬರ್ 5, ಶನಿವಾರ

ಗಣೇಶ ಒಣಗಿ ಬೆಳ್ಳಗಾಗಿದ್ದಾನೆ, ಹೊಟ್ಟೆಯ ಮೇಲೊಂದು ಬಿರುಕು. ದಿನಾ ಬೆಳಗ್ಗೆ ದೀಪ, ಎರಡು ಬಾಳೆಹಣ್ಣು. ಬೇಗ ಮುಗಿಸೋಣ ಎಂದು ಕೂರುವುದು, ಎದ್ದಾಗ ಕಾಫಿ ಆರಿರುತ್ತದೆ.

ಶುಭಾಳಿಗೆ ರಾಯಭಾರ ಕಚೇರಿಯ ಒಪ್ಪಿಗೆ ಬಂತು! ಅಕ್ಟೋಬರಿನಲ್ಲಿ ವಿಮಾನ ಸಿಗಬಹುದು. ಅಷ್ಟರೊಳಗೆ ನನ್ನ ವೀಸಾ ನವೀಕರಣವೂ ಆಗಬೇಕು. ನನ್ನ ವೀಸಾದ ಬಾಲಕ್ಕೆ ಅವಳ ವೀಸಾ ಗಂಟು ಬಿದ್ದಿದೆ.

ಸಂಜೆ ಮೂವರು ದೊಡ್ಡ ಹುಡುಗರು ಸೈಕಲ್ಲು ತಂದು ದಿಬ್ಬದ ಮೂಲೆಯಿಂದ ಕಂದಕಕ್ಕೆ ಇಳಿಸುತ್ತಿದ್ದರು. ಒಂದೊಂದು ಸಲ ಇಳಿದಾಗಲೂ ಅಂಚಿನ ಮಣ್ಣು ಉದುರುತ್ತಿತ್ತು. ಜೂನಿನಲ್ಲಿ ಅಷ್ಟು ನಾಜೂಕಾಗಿ ಕತ್ತರಿಸಿದ ಕಡೆ! ಕಿಟಕಿ ತೆಗೆದು ಗದರಿದೆ, ಓಡಿಹೋದರು. ಈ ದೇಶದ ಮಕ್ಕಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ.

ಸೆಪ್ಟೆಂಬರ್ 11, ಶುಕ್ರವಾರ

ನಿಧಿ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಬೀದಿಯ ಮನೆಯಿಂದ ಮನೆಗೆ ದಾಟಿಸುವ ಸುತ್ತೋಲೆ ಹಲಗೆ ಹಿಡಿದು ಯಾಗುಚಿ ಸಾನ್ ಬಂದರು. ನಾನು ಆಫೀಸಿನ ಕಾಲ್‌ನಲ್ಲಿದ್ದೆ. ನಿಧಿ ಬಾಗಿಲು ತೆಗೆದಳು. ನಾನು ಹೆಡ್‌ಫೋನು ಕಿತ್ತು ಬರುವಷ್ಟರಲ್ಲಿ ಅವಳು ಒಳಗಿನ ಬಾಗಿಲನ್ನೂ ತೆರೆದು, ಜಪಾನಿಯಲ್ಲಿ, ತನ್ನ ಶಾಲೆಯ ಭಾಷಣದ ದನಿಯಲ್ಲಿ ಹೇಳುತ್ತಿದ್ದಳು: ಇವನು ನಮ್ಮ ದೇವರು, ದಿಬ್ಬದ ಬಿಳಿ ಮಣ್ಣಿನವನು, ಅದು ಕಂದಕದ ತಳದ ಮಣ್ಣು, ಅಮ್ಮ ಬರುವವರೆಗೆ ಇಲ್ಲೇ ಇರುತ್ತಾನೆ.

ಮುದುಕರು ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಸಿತು. ಗಣೇಶನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು ಟಾರ್ಪಾಲು ಎತ್ತಿ ತೋರಿಸಿದರು. ಸೌಟಿನ ಗುರುತು ಒಂದೊಂದೂ ಹಾಗೆಯೇ ಇತ್ತು.

"ಕಾಡುಹಂದಿ ಇರಬಹುದು ಅಂದ್ಕೊಂಡಿದ್ದೆ" ಎಂದರು. "ಇಪ್ಪತ್ತೊಂಬತ್ತಕ್ಕೆ ನಗರ ಕಚೇರಿಯವರು ಬರ್ತಾರೆ. ಅವರ ಹತ್ತಿರ ಜುಲೈ ಫೋಟೋ ಇದೆ. ಇಲ್ಲಿ ಅಗೆಯೋದು ಅಪರಾಧ, ಪೊಲೀಸರಿಗೆ ಹೇಳ್ತಾರೆ. ಅಷ್ಟರಲ್ಲಿ ಮಣ್ಣು ವಾಪಸ್ ಬರಬೇಕು. ಪೂರ್ತಿ."

ನಾನು ಹೇಳಿದೆ, ಇದನ್ನು ನೀರಿಗೆ ಬಿಡುವುದು ನಮ್ಮ ಪದ್ಧತಿ, ನನ್ನ ಹೆಂಡತಿ ಬಂದ ಮೇಲೆ ಕಂದಕದಲ್ಲೇ ಬಿಡುತ್ತೇವೆ, ಮಣ್ಣು ಇದ್ದಲ್ಲಿಗೇ ಸೇರುತ್ತದೆ, ಎಂದು.

"ಕಂದಕಕ್ಕೆ ನೀರಿಲ್ಲ" ಎಂದರು. "ಇದು ದಿಬ್ಬದ ಮಣ್ಣು, ದಿಬ್ಬದ ಒಳಗೇ ಹೋಗಬೇಕು. ಹದ ಮಾಡಿ, ತೆಳ್ಳಗೆ ಪದರ ಪದರವಾಗಿ ಹಾಕಿ ತುಳಿಯಬೇಕು. ಇಲ್ಲದಿದ್ದರೆ ಮುಂದಿನ ಮಳೆಗೆ ಜಾರುತ್ತೆ. ಹೊರಗಿನದು ಏನೂ ಸೇರಬಾರದು."

ತುಳಿಯಬೇಕು! ಗಣೇಶನನ್ನು!

ಹೆಂಡತಿ ಅಕ್ಟೋಬರಿನಲ್ಲಿ ಬರುತ್ತಾಳೆ, ಮಗಳಿಗೆ ಮಾತು ಕೊಟ್ಟಿದ್ದೇನೆ ಎಂದೆ. "ಅದು ನಿಮ್ಮ ವಿಷಯ" ಎಂದು ಹೋದರು. ಈ ಮನುಷ್ಯನನ್ನು ನಾನು ದ್ವೇಷಿಸುತ್ತೇನೆ. ಮೂರು ವಾರ ನಮ್ಮ ಮನೆಯಲ್ಲಿ ಇದ್ದ ಮಾತ್ರಕ್ಕೆ ಈ ಮಣ್ಣೂ ಹೊರಗಿನದಾಯಿತೇ?

ಸೆಪ್ಟೆಂಬರ್ 12, ಶನಿವಾರ

ಕಾನೂನು ಹುಡುಕಿ ಓದಿದೆ. ಮುದುಕರು ಹೇಳಿದ್ದು ನಿಜ. ಪೊಲೀಸ್ ಕೇಸಾದರೆ ನನ್ನ ವೀಸಾ ಇಲ್ಲ. ನನ್ನದು ಇಲ್ಲದಿದ್ದರೆ ಶುಭಾಳದೂ ಇಲ್ಲ. ಒಂದು ಬಕೆಟ್ಟು ಮಣ್ಣು!

ಸೆಪ್ಟೆಂಬರ್ 13, ಭಾನುವಾರ

ಶುಭಾಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಬಕೆಟ್ಟಲ್ಲಿ ಬಿಡಿ. ಇಲ್ಲಿ ಎಲ್ರೂ ಈ ಸಲ ಬಕೆಟ್ಟಲ್ಲೇ ಬಿಟ್ಟಿದ್ದು. ಕರಗಿದ್ಮೇಲೆ ಅವನು ಹೋದ ಹಾಗೇ, ಆಮೇಲೆ ಬರೀ ಮಣ್ಣು" ಎಂದಳು.

"ಬರೀ ಮಣ್ಣು ಅಂತ ನನ್ನ ಕಾಲಿಗೆ ಯಾರು ಹೇಳ್ತಾರೆ?"

"ರೀ, ನಂಗೆ ಮನೆಗೆ ಬರ್ಬೇಕು." ಇಷ್ಟು ದಿನದಲ್ಲಿ ಒಮ್ಮೆಯೂ ಅವಳು ಹೀಗೆ ಬಾಯಿಬಿಟ್ಟು ಹೇಳಿರಲಿಲ್ಲ.

"ನಿಧಿಗೆ ನೀನೇ ಹೇಳ್ತೀಯಾ?"

"ಮಾತು ಕೊಟ್ಟೋರು ನೀವು. ನೀವೇ ಹೇಳಿ."

ಹೇಳಲಿಲ್ಲ. ಶಾಲೆ ಮತ್ತೆ ತೆರೆದಿದೆಯಲ್ಲ, ಗುರುವಾರ ಅವಳು ಅಲ್ಲಿರುವಾಗ ಮುಗಿಸಿಬಿಟ್ಟು ಆಮೇಲೆ ಹೇಳಿದರಾಯಿತು.

ಸೆಪ್ಟೆಂಬರ್ 17, ಗುರುವಾರ

ಬೆಳಗ್ಗೆ ನಿಧಿ ಹೊರಟ ಮೇಲೆ ಮಂಗಳಾರತಿ ಮಾಡಿದೆ. ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೊರಗಿನದು ಸೇರಬಾರದಲ್ಲ. ಬಕೆಟ್ಟಿನ ನೀರಿಗೆ ಇಳಿಸಿದೆ. ಎಷ್ಟು ಬೇಗ ಕರಗಿದ! ಮೊದಲು ಕಿವಿ, ಆಮೇಲೆ ನಿಧಿ ನಿಲ್ಲಿಸಿದ್ದ ಸೊಂಡಿಲು. ಹೊಟ್ಟೆ ಮಾತ್ರ ಗುಳ್ಳೆ ಬಿಡುತ್ತ ಕೂತೇ ಇತ್ತು. ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಮೋರಯಾ ಎಂದೆ. ಆ ಮಾತು ಜೋರಾಗಿಯೇ ಹೇಳಬೇಕಾದದ್ದು.

ಯಾಗುಚಿ ಸಾನ್ ಮೊದಲೇ ಬಂದು ಕಾಯುತ್ತಿದ್ದರು. ಕೆಸರು ಮುಟ್ಟಿ ನೋಡಿ ನೀರು ಜಾಸ್ತಿ ಎಂದು ಗೊಣಗಿ, ಬುಡದಲ್ಲಿ ಬಿದ್ದಿದ್ದ ಒಣ ಮಣ್ಣು ಬೆರೆಸಿ, ಮುಷ್ಟಿಯಲ್ಲಿ ಹಿಚುಕಿ ಹಿಚುಕಿ ನೋಡಿದರು. ಚಪಾತಿ ಹಿಟ್ಟಿನ ಹದಕ್ಕೆ ಬಂದ ಮೇಲೆ ಗುಳಿಯಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ, "ತುಳಿಯಿರಿ" ಎಂದರು.

ನಾನು ಶೂ ಬಿಚ್ಚಿದೆ. "ಹಾಕಿಕೊಳ್ಳಿ, ಗಾಜಿನ ಚೂರಿರುತ್ತೆ" ಎಂದರು. ಹಾಕಿಕೊಳ್ಳಲಿಲ್ಲ. ಕಾಲು ಮೇಲೇಳಲಿಲ್ಲ. ಮಂಡಿಯೂರಿ ಕೈಯಿಂದ ಗುದ್ದಲು ಶುರು ಮಾಡಿದೆ. ಕೈಯಲ್ಲಿ ಆಗುವುದಿಲ್ಲ, ಮೈಭಾರ ಬೇಕು, ಎಂದು ಅವರು ಗದರಿದರು. ಎದ್ದು ನಿಂತೆ, ಕಣ್ಣು ಮುಚ್ಚಿಕೊಂಡು ತುಳಿದೆ. ತಣ್ಣಗಿತ್ತು. "ಹಿಮ್ಮಡಿ ಊರಿ. ಅಂಚಿನಿಂದ ನಡುವಿಗೆ ಬನ್ನಿ." ಇನ್ನೊಂದು ಪದರ. ಇನ್ನೊಂದು.

"ಅಪ್ಪಾ?"

ಶಾಲೆಯಲ್ಲಿ ಟೀಚರುಗಳ ಸಭೆಯಂತೆ, ಮಧ್ಯಾಹ್ನಕ್ಕೇ ಬಿಟ್ಟಿದ್ದಾರೆ. ಮೊದಲೇ ತಿಳಿಸಿದ್ದರು, ನಾನೇ ಗಮನಿಸಿರಲಿಲ್ಲ. ಹಿತ್ತಲ ಬೇಲಿಯ ಹತ್ತಿರ ಬೆನ್ನಿಗೆ ಚೀಲ ಹಾಕಿಕೊಂಡೇ ನಿಂತಿದ್ದಳು. ಖಾಲಿ ಬಕೆಟ್ಟು ನೋಡಿದಳು, ನನ್ನ ಕಾಲು ನೋಡಿದಳು. ಆಮೇಲೆ ಓಡಿ ಬಂದು ಬೆರಳಿನಿಂದ ಮಣ್ಣು ಕೀಳತೊಡಗಿದಳು.

ನಾನು ಅವಳ ಕೈ ಹಿಡಿದುಕೊಂಡೆ.

"ಬಿಡು ಅಪ್ಪಾ! ಅಮ್ಮ ಇನ್ನೂ ನೋಡಿಲ್ಲ! You promised!"

"ಪುಟ್ಟಿ, ಇದನ್ನ ಇಲ್ಲಿ ಹಾಕ್ದಿದ್ರೆ ಪೊಲೀಸ್ನೋರು ಬರ್ತಾರೆ. ಆಮೇಲೆ ಅಮ್ಮನ್ನ ಬಿಡಲ್ಲ."

ಕೀಳುವುದನ್ನು ನಿಲ್ಲಿಸಿದಳು. "ಗಣೇಶನ್ನ ತುಳಿದ್ರೆ ಅಮ್ಮ ಬರ್ತಾಳಾ?"

"ಹೂಂ" ಎಂದೆ.

ಕನ್ನಡ ತಿಳಿಯದ ಮುದುಕರು ಗುಳಿಯತ್ತ ನೋಡಿ, "ಇನ್ನೊಂದು ಪದರ ಬಾಕಿ" ಎಂದರು. ಆ ಕ್ಷಣ ಅವರನ್ನು ಕೊಲ್ಲಬಹುದಿತ್ತು.

ನಿಧಿ ಚೀಲ ಇಳಿಸಿದಳು. ಬೂಟು ಬಿಚ್ಚಿ, ಸಾಕ್ಸು ಬಿಚ್ಚಿ, ಶಾಲೆಯಲ್ಲಿ ಕಲಿಸಿದಂತೆ ಬೂಟಿನೊಳಗೆ ಸಾಕ್ಸು ತುರುಕಿ ಜೋಡಿಸಿ ಇಟ್ಟಳು. ಆಮೇಲೆ ಹತ್ತಿ ನಿಂತು ತುಳಿಯತೊಡಗಿದಳು. ಬಿಕ್ಕಿ ಬಿಕ್ಕಿ ಅಳುತ್ತ, ಎರಡೂ ಕಾಲು ಎತ್ತೆತ್ತಿ ಧಪಧಪ ತುಳಿದಳು. ಯಾಗುಚಿ ಸಾನ್ ತಡೆಯಲಿಲ್ಲ. "ಹಿಮ್ಮಡಿ ಊರು" ಎಂದರು, ನನಗೆ ಹೇಳಿದ ಅದೇ ದನಿಯಲ್ಲಿ. ಅವಳು ಊರಿದಳು.

ಸೆಪ್ಟೆಂಬರ್ 22, ಮಂಗಳವಾರ

ನಿಧಿ ನನ್ನ ಜೊತೆ ಜಪಾನಿಯಲ್ಲಿ ಮಾತ್ರ ಮಾತಾಡುತ್ತಾಳೆ, ಅದೂ ಅಂಗಡಿಯವರು ಗಿರಾಕಿಗೆ ಮಾತಾಡುವಷ್ಟು ಮರ್ಯಾದೆಯಿಂದ. ಅಮ್ಮನ ಜೊತೆ ಫೋನು ಹಿಡಿದು ಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗಿನಿಂದ ಕನ್ನಡ ಕೇಳಿಸುತ್ತದೆ.

ಸೆಪ್ಟೆಂಬರ್ 29, ಮಂಗಳವಾರ

ಮೊರಿಟಾ ಸಾನ್ ಬಂದಳು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಲ್ಲಿ ನಿಂತೆ. ಒಂದೇ ಅಂಗಿಯನ್ನು ಎಷ್ಟು ಸಲ ಕೊಡವಿದೆನೋ. ಯಾಗುಚಿ ಸಾನ್ ಅಲ್ಲಿ ಬೇರುಸಹಿತ ಹುಲ್ಲಿನ ಹೆಂಟೆ ತಂದು ಹೊದಿಸಿದ್ದರು. ಅವಳು ಫೋಟೋ ನೋಡಿದಳು, ದಿಬ್ಬ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಇದನ್ನು ಯಾರು ಮುಚ್ಚಿದ್ದು?"

"ನಾನು. ಮಳೆಗೆ ಬಿದ್ದ ಮಣ್ಣು ವಾಪಸ್ ಹಾಕಿದೆ."

ಅವಳಿಗೆ ಸಿಟ್ಟು ಬಂತು. ನ್ಯಾಯವಾದ ಸಿಟ್ಟೇ. ಅಳತೆ ಮಾಡುವ ಮೊದಲು ಯಾರೂ ಕೈ ಹಾಕಬಾರದು ಎಂದು ಗೊತ್ತಿಲ್ಲವೇ, ಇಷ್ಟು ವರ್ಷದಿಂದ ನೋಡಿಕೊಳ್ಳುತ್ತಿರುವ ನೀವೇ ಹೀಗೆ ಮಾಡಿದರೆ ಹೇಗೆ, ಇದನ್ನು ಮೇಲಿನವರಿಗೆ ತಿಳಿಸಬೇಕಾಗುತ್ತದೆ, ಎಂದಳು. ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ ಮುದುಕರು ಸೊಂಟದವರೆಗೆ ಬಾಗಿದರು. ಬಾಗಿದವರು ಬಹಳ ಹೊತ್ತು ಏಳಲಿಲ್ಲ. ನಾನು ಮಾಡಿದ್ದು ಎಂಬ ಮಾತು ನನ್ನ ಗಂಟಲಿನವರೆಗೆ ಬಂತು. ಅಲ್ಲಿ ಶುಭಾಳ ವೀಸಾ ಅಡ್ಡ ನಿಂತಿತ್ತು, ನುಂಗಿದೆ.

ಅವಳು ಹೋದ ಮೇಲೆ ಬೇಲಿಯ ಹತ್ತಿರ ಹೋಗಿ, "ನನಗೋಸ್ಕರ..." ಎಂದು ಶುರು ಮಾಡಿದೆ.

"ನಿಮಗೋಸ್ಕರ ಅಲ್ಲ" ಎಂದರು. "ಯಾರೋ ಅಗೆದರು ಅಂತ ಗೊತ್ತಾದರೆ ಸುತ್ತ ಬೇಲಿ ಹಾಕಿ ಬೀಗ ಜಡೀತಾರೆ. ಆಮೇಲೆ ಹುಲ್ಲು ಕತ್ತರಿಸೋರು ಯಾರು?"

ಸೊಕ್ಕಿನ ಮನುಷ್ಯ. ಹೋಗುವಾಗ ಸೊಂಟದ ಮೇಲೆ ಕೈ ಇಟ್ಟುಕೊಂಡೇ ಹೋದರು. ಭಾನುವಾರ ಅವರು ಮಷೀನು ತೆಗೆದರೆ ಮೇಲಿನ ಬದಿಯನ್ನಾದರೂ ನಾನು ಮಾಡಿಬಿಡುವುದು ವಾಸಿ. ಇಲ್ಲದಿದ್ದರೆ ಸಂಜೆವರೆಗೂ ಆ ಸದ್ದು ಕೇಳಬೇಕಾಗುತ್ತದೆ.

ಅಕ್ಟೋಬರ್ 17, ಶನಿವಾರ

ಶುಭಾ ಬಂದಳು.

ಹೊರದೇಶದಿಂದ ಬಂದವರು ರೈಲು, ಬಸ್ಸು ಹತ್ತುವಂತಿಲ್ಲ ಎಂದು ಕಾರು ಬಾಡಿಗೆಗೆ ಹಿಡಿದು ನಿಧಿಯನ್ನೂ ಕರೆದುಕೊಂಡು ನರಿತಾ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಟೆಸ್ಟಿನ ಫಲಿತಾಂಶಕ್ಕೆ ಕಾದು ಕಾದು ಕೊನೆಗೆ ಗಾಜಿನ ಬಾಗಿಲಿನಿಂದ ಹೊರಗೆ ಬಂದಳು, ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖಗವಸು. ಇಳಿದುಹೋಗಿದ್ದಾಳೆ. ನಿಧಿ ಅವಳ ಸೊಂಟ ಹಿಡಿದವಳು ಕಾರಿನವರೆಗೂ ಬಿಡಲಿಲ್ಲ. ನನಗೂ ಹಾಗೇ ಹಿಡಿದುಕೊಳ್ಳಬೇಕೆನಿಸಿತು. ಸೂಟ್‌ಕೇಸು ಹಿಡಿದುಕೊಂಡೆ.

ಮನೆ ಮುಂದೆ ಕಾರು ನಿಂತಾಗ ನಿಧಿ ಅಮ್ಮನನ್ನು ಬಾಗಿಲಿಗೆ ಬಿಡಲಿಲ್ಲ. ಕೈ ಹಿಡಿದು ಎಳೆದುಕೊಂಡು ಹಿತ್ತಲಿಗೆ, ಹಿತ್ತಲಿನಿಂದ ಬೇಲಿಯಾಚೆಗೆ ಹೋದಳು. "ಪುಟ್ಟಿ, ಮೊದ್ಲು ಸ್ನಾನ ಮಾಡ್ಬೇಕು" ಎಂದು ನಾನು ಹಿಂದೆಯೇ ಓಡಿದೆ.

"ನೀರಲ್ಲಿ ಬಿಟ್ಟಿದ್ರೆ ಹೋಗ್ಬಿಡ್ತಿದ್ದ" ಎನ್ನುತ್ತಿದ್ದಳು. "ನಾವು ಇಲ್ಲಿ ಇಟ್ವಿ, ಅದಕ್ಕೇ ಎಲ್ಲೂ ಹೋಗಿಲ್ಲ. ನೀನು ಬರೋವರ್ಗೂ ಇದ್ದಾನೆ. ಅಲ್ವಾ ಅಪ್ಪಾ?"

ಒಂದು ತಿಂಗಳ ಮೇಲೆ ನನಗೆ ಸಿಕ್ಕ ಮೊದಲ ಕನ್ನಡ ಅದು. "ಹೂಂ, ಇದ್ದಾನೆ" ಎಂದೆ.

"ಎಲ್ಲಿ?" ಎಂದಳು ಶುಭಾ.

ನಿಧಿ ಬೆರಳು ಎತ್ತಿದಳು. ಇಳಿಸಿದಳು. ಇನ್ನೊಂದು ಕಡೆ ತೋರಿಸಿದಳು. ದಿಬ್ಬದ ಉದ್ದಕ್ಕೂ ಒಂದೇ ಹುಲ್ಲು, ಒಂದೇ ಇಳಿಜಾರು. ನನ್ನ ಕಡೆ ನೋಡಿದಳು. ನನಗೂ ತಿಳಿಯಲಿಲ್ಲ. ನಾನೇ ನಿಂತು ತುಳಿದ ಜಾಗ, ದಿನಾ ಬೆಳಗ್ಗೆ ಕಾಫಿ ಹಿಡಿದು ನೋಡುವ ದಿಬ್ಬ, ಎಲ್ಲಿ ಎಂದು ತೋರಿಸಲು ಆಗಲಿಲ್ಲ. ನಿಧಿ ಬುಡದ ಉದ್ದಕ್ಕೂ ಬಗ್ಗಿ ಬಗ್ಗಿ ಹುಡುಕತೊಡಗಿದಳು.

ಯಾಗುಚಿ ಸಾನ್ ತಮ್ಮ ಗೇಟಿನಿಂದ ಹೊರಗೆ ಬಂದರು. ಹತ್ತಿರ ಬರಲಿಲ್ಲ, ದೂರವೇ ನಿಂತು ಮಾಸ್ಕು ಮೇಲೆಳೆದುಕೊಂಡರು. ಶುಭಾಳನ್ನು ನೋಡಿದರು, ಕಾರು ನೋಡಿದರು, ನಮ್ಮ ಕಾಲು ಎಲ್ಲಿದೆ ಎಂದು ನೋಡಿದರು.

"ಅಲ್ಲಲ್ಲ" ಎಂದರು, ಸಿಡುಕಿಕೊಂಡೇ. "ಇನ್ನೂ ಎಡಕ್ಕೆ. ಸಾಸಾ ಬಿದಿರಿನ ಪೊದೆಯಿಂದ ಕೆಳಗೆ. ಇನ್ನೂ ಕೆಳಗೆ. ಅಲ್ಲೇ."

ಶುಭಾ ಅಲ್ಲಿಗೆ ಹೋಗಿ ಕೈ ಮುಗಿದು ನಿಂತಳು. ದಿಬ್ಬ ಮುಟ್ಟಲಿಲ್ಲ, ಬಗ್ಗಿ ಬುಡದ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಿಧಿಯೂ ಹಾಗೇ ಮಾಡಿದಳು. ಅವರಿಬ್ಬರೂ ತಲೆ ಎತ್ತುವವರೆಗೆ ಮುದುಕರು ಕಾದರು. ಆಮೇಲೆ, "ಎರಡು ವಾರ ಹೊರಗೆ ಬರುವಂತಿಲ್ಲ. ಒಳಗೆ ಹೋಗಿ" ಎಂದರು.

ಮೂವರೂ ಒಳಗೆ ಹೋದೆವು.